ಗಾರೆ ಕಾಣದ ಗೋಡೆ: ಅಪ್ಪನ ಜೊತೆ ಚಾಮರ ಗುಡಿಗಳಿಗೆ

ಮೊದಲ ದಿನ: ಡಾ ನಾಂಗ್

ವಿಯೆಟ್ನಾಮಿಗೆ ಹೋಗೋಣ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು, "ಅಲ್ಲಿ ನೋಡಕ್ಕೇನಿದೆಯಮ್ಮ?" ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಬೆಟ್ಟಗಳ ನಡುವೆ ಕೆಂಪು ಇಟ್ಟಿಗೆಯ ಗೋಪುರ, ಸಂದುಗಳಲ್ಲೆಲ್ಲ ಹುಲ್ಲು. ಅಲ್ಲಿ ಹಿಂದೆ ಚಂಪಾ ಎಂಬ ರಾಜ್ಯ ಕಟ್ಟಿ ಆಳಿದ ಚಾಮ್ ಜನರ ಗುಡಿ. ಅಪ್ಪ ಕನ್ನಡಕ ಏರಿಸಿಕೊಂಡು, ಚಿತ್ರ ದೊಡ್ಡದು ಮಾಡಿಸಿಕೊಂಡು, ಬಹಳ ಹೊತ್ತು ನೋಡಿದರು. "ಇದರಲ್ಲಿ ಗಾರೆ ಎಲ್ಲಿ?" ಎಂದರು. ಮಾರನೆಯ ದಿನ ತಾವಾಗಿಯೇ ಪಾಸ್‌ಪೋರ್ಟ್ ವಿಷಯ ತೆಗೆದರು.

ಅಪ್ಪ ಮಾಲೂರಿನ ಹತ್ತಿರ 35 ವರ್ಷ ಇಟ್ಟಿಗೆ ಗೂಡು ನಡೆಸಿದವರು. ಮೊಣಕಾಲು ನೋವು ಹೆಚ್ಚಾಗಿ, ಒಳ್ಳೆಯ ಕೆರೆ ಮಣ್ಣೂ ಸಿಗದಂತಾಗಿ, ಆರು ವರ್ಷದ ಹಿಂದೆ ಗೂಡು ನಿಲ್ಲಿಸಿದರು. ಈಗ 71. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಶಾಸನಗಳನ್ನು ಓದುವ ಹುಚ್ಚು ಬೇರೆ ಇದೆ. ನಾನು ಅಕ್ಷರ ನೋಡಲು, ಅವರು ಇಟ್ಟಿಗೆ ನೋಡಲು ಎಂದು ಹೊರಟದ್ದು.

ಹೋ ಚಿ ಮಿನ್ಹ್ ನಗರದಲ್ಲಿ ವಿಮಾನ ಬದಲಿಸಿ ಡಾ ನಾಂಗ್ ತಲುಪಿದಾಗ ಮಧ್ಯಾಹ್ನ. ಕೋಣೆಯಲ್ಲಿ ಚೀಲ ಇಟ್ಟು ನೇರ ಚಾಮ್ ಶಿಲ್ಪಗಳ ಮ್ಯೂಸಿಯಮ್ಮಿಗೆ ನಡೆದೆವು. ಹಾನ್ ನದಿಯ ದಂಡೆಯಲ್ಲಿ ಹಳದಿ ಬಣ್ಣದ ಕಟ್ಟಡ. ಫ್ರೆಂಚರ ಆಳ್ವಿಕೆಯಲ್ಲಿ ಈ ಊರಿಗೆ ಟೂರಾನ್ ಎಂಬ ಹೆಸರಿದ್ದಾಗ ಕಟ್ಟಿ, 1919ರಲ್ಲಿ ಬಾಗಿಲು ತೆರೆದದ್ದು. ಅಂಗಳದಲ್ಲಿ ದೊಡ್ಡ ಮರಗಳು, ಒಳಗೆಲ್ಲ ಮರಳುಗಲ್ಲು.

ಹೊರಡುವ ಮೊದಲು ಚಂಪಾ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಹೆಮ್ಮೆ ಅಷ್ಟೇ: ಕಡಲಾಚೆಗೂ ನಮ್ಮ ಶಿವ ಹೋಗಿದ್ದಾನೆ ಎಂಬ ಹೆಮ್ಮೆ. ಮೊದಲ ಕೋಣೆಯಲ್ಲಿ ಅದು ಇನ್ನೂ ಹಿಗ್ಗಿತು. ಚಾಮರ ಗುಡಿಗಳ ಕಣಿವೆ ಮೀ ಸನ್‌ನಲ್ಲಿ ಇ5 ಎಂದು ಗುರುತಿಸಿದ ಗುಡಿಯಿಂದ ತಂದ ಗಣಪತಿ ಅಲ್ಲಿ ನಿಂತಿದ್ದಾನೆ. ಹೌದು, ನಿಂತಿದ್ದಾನೆ. ಕೈಗಳು ಮುರಿದಿವೆ, ಸೊಂಡಿಲು ಮಾತ್ರ ಸಿಹಿಯ ಬಟ್ಟಲಿನ ಕಡೆಗೇ ತಿರುಗಿದೆ. ಅಪ್ಪ ಕೈ ಮುಗಿದರು. ಪಕ್ಕದಲ್ಲಿದ್ದ ಭಾರತದವರೊಬ್ಬರು ನಮ್ಮನ್ನು ನೋಡಿ ನಕ್ಕು ಹಿಂದಿಯಲ್ಲಿ, "ಎಲ್ಲ ನಮ್ಮದೇ" ಎಂದರು. ನಾನೂ ತಲೆಯಾಡಿಸಿದೆ.

ಅಲ್ಲಿಂದ ಎರಡು ಕೋಣೆ ದಾಟಿದರೆ ಇ1 ಗುಡಿಯ ಪೀಠ. ಏಳನೆಯ ಶತಮಾನದ ಕೆಲಸ. ಮೇಲೆ ಲಿಂಗ ನಿಲ್ಲುತ್ತಿದ್ದ ಈ ಪೀಠದ ಸುತ್ತ ಕೆತ್ತಿರುವುದು ಋಷಿಗಳ ದಿನಚರಿ. ಒಬ್ಬ ಗುಹೆಯಲ್ಲಿ ಕೂತಿದ್ದಾನೆ, ಒಬ್ಬ ಕೊಳಲೂದುತ್ತಿದ್ದಾನೆ, ಒಬ್ಬ ಪಾಠ ಹೇಳುತ್ತಿದ್ದಾನೆ, ಇನ್ನೊಬ್ಬ ಆರಾಮಾಗಿ ಮಲಗಿ ಮೈ ಒತ್ತಿಸಿಕೊಳ್ಳುತ್ತಿದ್ದಾನೆ. ಇಂಥ ಪೀಠವನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿಲ್ಲ. ಬಾದಾಮಿಯಲ್ಲೂ ಇಲ್ಲ, ಐಹೊಳೆಯಲ್ಲೂ ಇಲ್ಲ. ಟ್ರಾ ಕಿಯೂ ಎಂಬ ಊರಿನಿಂದ ಬಂದ ಪೀಠದ ನರ್ತಕಿಯರ ಮುಂದೆ ನಿಂತಾಗಲೂ ಹಾಗೇ ಆಯಿತು. ಮೈ ಬಾಗಿದ ರೀತಿ, ತುಟಿಯ ಮೇಲಿನ ನಗು, ಮೈಗಂಟಿದ ಮಣಿಸರಗಳು, ಒಂದೂ ನನಗೆ ಗೊತ್ತಿದ್ದ ಕೈಯಲ್ಲ. "ಎಲ್ಲ ನಮ್ಮದೇ" ಎಂಬುದಕ್ಕೆ ತಲೆಯಾಡಿಸಿದ್ದು ರಾತ್ರಿ ಮಲಗುವವರೆಗೂ ಕೊರೆಯುತ್ತಿತ್ತು.

ಎರಡನೆಯ ದಿನ: ಹೋಯಿ ಆನ್, ಟ್ರಾ ಕಿಯೂ

ಹೋಯಿ ಆನ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ದೀಪಗಳ ಊರು, ಚೆಂದದ ಊರು. ಚಾಮರ ಕಾಲದಲ್ಲೂ ಇದು ಬಂದರು. ತು ಬೋನ್ ನದಿ ಇಲ್ಲಿ ಸಮುದ್ರ ಸೇರುತ್ತದೆ, ಅದೇ ನದಿಯ ಮೇಲುಗಡೆ ರಾಜಧಾನಿ, ಅದಕ್ಕೂ ಮೇಲೆ ಬೆಟ್ಟಗಳ ನಡುವೆ ಗುಡಿಗಳು. ಬಂದರು, ಊರು, ದೇವರು, ಮೂರನ್ನೂ ಒಂದೇ ನೀರು ಪೋಣಿಸಿದೆ.

ನಾವು ಹೋಯಿ ಆನ್‌ನಲ್ಲಿ ನಿಂತದ್ದು ಒಂದು ಶಿಲಾಪ್ರತಿಮೆ ನೋಡಲು. ಗಡ್ಡದ ಮನುಷ್ಯ, ಪೋಲೆಂಡಿನವರು, ಹೆಸರು ಕಾಜಿಮಿಯೆಷ್ ಕ್ವಿಯಾಟ್ಕೋವ್ಸ್ಕಿ. ಇಲ್ಲಿನವರ ಬಾಯಲ್ಲಿ ಕಾಜಿಕ್. ಯುದ್ಧ ಮುಗಿದ ಮೇಲೆ, ನೆಲದಲ್ಲಿ ಇನ್ನೂ ಸಿಡಿಯದ ಬಾಂಬುಗಳಿದ್ದ ಕಾಲದಲ್ಲಿ, ವಾಸ್ತುಶಿಲ್ಪಿಯಾಗಿ ಬಂದು ಮೀ ಸನ್‌ನ ಕಾಡಿನಲ್ಲಿ ನೆಲೆಯೂರಿದರು. ಬೀಳಲಿದ್ದ ಗೋಡೆಗಳಿಗೆ ಆಸರೆ ಕೊಟ್ಟು ನಿಲ್ಲಿಸಿದರು. 1997ರಲ್ಲಿ ಹ್ಯೂ ನಗರದಲ್ಲಿ, ಕೆಲಸದ ನಡುವೆಯೇ ತೀರಿಕೊಂಡರು. ಅಪ್ಪನಿಗೆ ಇಷ್ಟು ಹೇಳಿದೆ. ಅವರು ಚೀಲದಿಂದ ಬಾಳೆಹಣ್ಣು ತೆಗೆದು ಪ್ರತಿಮೆಯ ಕೆಳಗಿಟ್ಟರು.

ಮಧ್ಯಾಹ್ನ ಟ್ರಾ ಕಿಯೂ. ಚಂಪಾದ ರಾಜಧಾನಿ ಸಿಂಹಪುರ ಇದ್ದದ್ದು ಇಲ್ಲೇ. ಈಗ ನೋಡಿದರೆ ಹಸಿರು ಗದ್ದೆ, ಹಳ್ಳಿ, ಗುಡ್ಡದ ಮೇಲೆ ಮೇರಿ ಮಾತೆಯ ಚರ್ಚು. ಹಳೆಯ ಕೋಟೆಯ ಮಣ್ಣಿನ ದಿಬ್ಬದ ಮೇಲೆ ಜನ ಸೈಕಲ್ಲಿನಲ್ಲಿ ಹೋಗುತ್ತಾರೆ. ನೋಡಲು ಹೆಚ್ಚೇನಿಲ್ಲದ ಈ ಊರಿಗೆ ನಾನು ಹಟ ಹಿಡಿದು ಬಂದದ್ದಕ್ಕೆ ಕಾರಣ, ಹತ್ತಿರದ ಡೋಂಗ್ ಯೆನ್ ಚಾವ್ ಎಂಬಲ್ಲಿ ಸಿಕ್ಕ ಒಂದು ಶಾಸನ. ನಾಲ್ಕನೆಯ ಶತಮಾನದ್ದೆಂದು ಹೇಳುತ್ತಾರೆ. ಅದು ಸಂಸ್ಕೃತದಲ್ಲಿಲ್ಲ, ಹಳೆಯ ಚಾಮ್ ಭಾಷೆಯಲ್ಲಿದೆ. ಮಲಯ್, ಜಾವಾನೀಸ್, ಫಿಲಿಪೈನ್ಸಿನ ಭಾಷೆಗಳೆಲ್ಲ ಸೇರುವ ಆ ದೊಡ್ಡ ಭಾಷಾಕುಟುಂಬದಲ್ಲಿ ಇದಕ್ಕಿಂತ ಹಳೆಯ ಬರಹ ಸಿಕ್ಕಿಲ್ಲ. ಅದು ಹೇಳುವುದಿಷ್ಟು: ಇದು ರಾಜನ ನಾಗ, ಗೌರವಿಸಿದವನಿಗೆ ಆಕಾಶದಿಂದ ರತ್ನಗಳು ಉದುರುತ್ತವೆ, ಅವಮಾನಿಸಿದವನು ಏಳು ತಲೆಮಾರಿನ ಬಂಧುಗಳೊಂದಿಗೆ ಸಾವಿರ ವರ್ಷ ನರಕದಲ್ಲಿ ಬೀಳುತ್ತಾನೆ.

ಹಲ್ಮಿಡಿಯ ಕಲ್ಲನ್ನು ಮಕ್ಕಳಿಗೆ ಪಾಠ ಮಾಡುವಾಗ ನಾನು ಪ್ರತಿ ವರ್ಷ ಹೇಳುವುದುಂಟು, ಸಂಸ್ಕೃತದ ಸಭೆಯಲ್ಲಿ ಕನ್ನಡ ಮೊದಲ ಸಲ ಎದ್ದು ನಿಂತು ಮಾತಾಡಿದ್ದು ಇಲ್ಲಿ ಎಂದು. ಗದ್ದೆಯ ಬದುವಿನ ಮೇಲೆ ನಿಂತಾಗ ಅದೇ ಮಾತು ಇವರಿಗೂ ಸಲ್ಲುತ್ತದಲ್ಲ ಅನ್ನಿಸಿತು. ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದದ್ದು, ಮಾತು ಅವರದೇ.

ಮೂರನೆಯ ದಿನ: ಮೀ ಸನ್

ಬೆಳಗಿನ ಜಾವವೇ ಕಾರು ಹಿಡಿದೆವು. ಪ್ರವಾಸಿ ಬಸ್ಸುಗಳು ಬರುವ ಮುಂಚೆ ತಲುಪಿದರೆ ಒಂದು ಗಂಟೆಯಾದರೂ ಗುಡಿಗಳು ನಮಗೇ ಸಿಗುತ್ತವೆ ಎಂದು ಹೇಳಿಸಿಕೊಂಡಿದ್ದೆ. ಬಾಗಿಲಿನಿಂದ ಬ್ಯಾಟರಿ ಗಾಡಿಯಲ್ಲಿ ಸ್ವಲ್ಪ ದೂರ, ಆಮೇಲೆ ಮರಗಳ ನೆರಳಿನಲ್ಲಿ ನಡಿಗೆ. ಮೊದಲು ಕಂಡದ್ದು ಬೆಟ್ಟ. ಹಲ್ಲಿನಂತೆ ಚೂಪಾದ ಶಿಖರ, ಮಂಜಿನ ಮೇಲೆ ತೇಲಿದಂತೆ. ಮೀ ಸನ್ ಎಂದರೆ ಸುಂದರ ಬೆಟ್ಟ ಎಂದೇ ಅರ್ಥ.

ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮ ಎಂಬ ದೊರೆ ಈ ಕಣಿವೆಯಲ್ಲಿ ಭದ್ರೇಶ್ವರ ಎಂಬ ಲಿಂಗ ಸ್ಥಾಪಿಸಿದ, ದೇವರಿಗೆ ತನ್ನ ಹೆಸರನ್ನೇ ಜೋಡಿಸಿದ. ದತ್ತಿ ಬಿಟ್ಟ ನೆಲದ ಎಲ್ಲೆಯನ್ನು ಅವನ ಸಂಸ್ಕೃತ ಶಾಸನ ಹೇಳುತ್ತದೆ: ಪೂರ್ವಕ್ಕೆ ಸುಲಹ ಪರ್ವತ, ದಕ್ಷಿಣಕ್ಕೆ ಮಹಾಪರ್ವತ, ಪಶ್ಚಿಮಕ್ಕೆ ಕುಚಕ ಪರ್ವತ. ನಮ್ಮ ಶಾಸನಗಳ ಮೂಡಲು, ತೆಂಕಲು, ಪಡುವಲು ಓದಿದವರಿಗೆ ಈ ಎಣಿಕೆ ಹೊಸದಲ್ಲ. ದಾನ ಕಾದವರಿಗೆ ಪುಣ್ಯ, ಅಳಿದವರಿಗೆ ಪಾಪ ಎಂಬುದೂ ಇದೆ. ಆ ಮೊದಲ ಗುಡಿ ಸುಟ್ಟುಹೋಯಿತು. ಏಳನೆಯ ಶತಮಾನದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿ, ದೇವರನ್ನು ಶಂಭುಭದ್ರೇಶ್ವರ ಎಂದು ಕರೆದ. ಅಲ್ಲಿಂದ ಹದಿಮೂರನೆಯ ಶತಮಾನದವರೆಗೂ ಒಬ್ಬರಾದ ಮೇಲೊಬ್ಬರು ಕಟ್ಟುತ್ತಲೇ ಹೋದರು. ಫ್ರೆಂಚರು ಕಾಡು ಕಡಿಸಿ ಪಟ್ಟಿ ಮಾಡಿದಾಗ 70ರಷ್ಟು ಕಟ್ಟಡಗಳು ಸಿಕ್ಕಿದ್ದವು. ಆಂರಿ ಪಾರ್ಮಾಂತಿಯೆ ಎಂಬವರು 1903-04ರಲ್ಲಿ ಅಗೆಸಿ, ಅಳೆದು, ಪ್ರತಿಯೊಂದರ ನಕ್ಷೆ ಬರೆದರು. ಎ, ಬಿ, ಸಿ ಎಂದು ಗುಡಿಗಳಿಗಿರುವ ಈ ಹೆಸರುಗಳು ಆ ಕಾಲದವು.

ಬಿ, ಸಿ, ಡಿ ಗುಂಪುಗಳ ಅಂಗಳಕ್ಕೆ ಕಾಲಿಟ್ಟ ಕೂಡಲೇ ಅಪ್ಪ ನನ್ನ ಕೈ ಬಿಟ್ಟು ಮುಂದೆ ಹೋದರು. ಬೇಲಿ ಇಲ್ಲದ ಕಡೆ, ಮುಟ್ಟಬೇಡಿ ಎಂಬ ಫಲಕ ಇಲ್ಲದ ಕಡೆ ಹುಡುಕಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಒಂದು ಇಟ್ಟಿಗೆ ಮುಗಿದು ಇನ್ನೊಂದು ಶುರುವಾಗುವಲ್ಲಿ ಕೂದಲೆಳೆಯಷ್ಟು ಗೆರೆ, ಅಷ್ಟೇ. ಉಗುರು ಇಳಿಯುವುದಿಲ್ಲ.

"ಇದು ಇಟ್ಟಿಗೆ ಇಟ್ಟು ಕಟ್ಟಿದ್ದಲ್ಲಮ್ಮ, ಉಜ್ಜಿ ಕೂರಿಸಿದ್ದು," ಎಂದರು. "ಒಂದರ ಮೇಲೊಂದು ಉಜ್ಜಿ ಉಜ್ಜಿ, ಎರಡೂ ಸಮ ಆದ ಮೇಲೆ ಏನೋ ಬಳಿದಿದ್ದಾರೆ. ಗಾರೆಯಂತೂ ಅಲ್ಲ."

ಆ 'ಏನೋ' ನೂರು ವರ್ಷದಿಂದ ವಿದ್ವಾಂಸರನ್ನು ಕಾಡಿದೆ. ಗುಡಿಯನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿ ಆಮೇಲೆ ಇಡಿಯಾಗಿ ಸುಟ್ಟರು ಎಂದವರೂ ಇದ್ದಾರೆ. ಇದಕ್ಕೆ ಅಪ್ಪ ಒಪ್ಪಲೇ ಇಲ್ಲ. ಇಷ್ಟು ದಪ್ಪ ಗೋಡೆ ಒಳಗೆ ಬೇಯಬೇಕಾದರೆ ಹೊರಮೈ ಕರಗಿ ಕಿಟ್ಟವಾಗುತ್ತದೆ ಎಂದರು. ಹೆಚ್ಚು ಜನ ನಂಬುವುದು ಮರದ ರಾಳವನ್ನು. ಇಲ್ಲಿ ಜೌ ರಾಯ್ ಎಂಬ ಮರವಿದೆ, ದೋಣಿಯ ಬಿರುಕಿಗೆ ಅದರ ಎಣ್ಣೆ ಹಾಕುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಇದೇ ಕುಟುಂಬದ್ದು.

ಇನ್ನೂ ಒಂದು ಬೆರಗಿದೆ. ಕೆತ್ತನೆ ಮಾಡಿದ ಇಟ್ಟಿಗೆ ತಂದು ಜೋಡಿಸಿಲ್ಲ. ಗೋಡೆ ಎದ್ದ ಮೇಲೆ ಉಳಿಯಿಂದ ಗೋಡೆಯನ್ನೇ ಕೆತ್ತಿದ್ದಾರೆ. ಕೈ ಮುಗಿದು ನಿಂತ ಒಬ್ಬ ದೇವತೆಯ ಎದೆ ಒಂದು ಇಟ್ಟಿಗೆಯಲ್ಲಿ, ಭುಜ ಪಕ್ಕದ್ದರಲ್ಲಿ, ಕಿರೀಟ ಮೇಲಿನ ಮೂರು ವರಸೆಗಳಲ್ಲಿ. ಉಳಿ ಒಂದು ಕಡೆ ಜಾರಿದರೆ ಬದಲಿ ಕಲ್ಲು ತರುವಂತಿಲ್ಲ. ಅದಕ್ಕೆ ತಕ್ಕ ಹದದಲ್ಲಿ ಸುಟ್ಟಿರಬೇಕು: ಹೆಚ್ಚು ಬೆಂದರೆ ಉಳಿಗೆ ಸಿಡಿಯುತ್ತದೆ, ಕಡಿಮೆಯಾದರೆ ಮಳೆಗೆ ಕರಗುತ್ತದೆ. ಈ ಕಣಿವೆಯ ಮಳೆ ಸಾಮಾನ್ಯದ್ದಲ್ಲ.

ಬಿ5 ನನಗೆ ಬಹಳ ಹಿಡಿಸಿತು. ಅದು ಕೋಶಗೃಹ, ದೇವರ ಒಡವೆ-ಪಾತ್ರೆಗಳ ಮನೆ. ಮಾಡು ದೋಣಿಯ ಆಕಾರದ್ದು, ಪಕ್ಕದ ಗೋಡೆಯಲ್ಲಿ ಮರದ ಕೆಳಗೆ ಸೊಂಡಿಲು ಸೇರಿಸಿ ನಿಂತ ಎರಡು ಆನೆಗಳು. ಗರ್ಭಗುಡಿಯ ಗೋಪುರಕ್ಕೆ ಚಾಮರು ಕಲನ್ ಎನ್ನುತ್ತಾರೆ. ಒಳಗೆ ನಿಂತು ತಲೆಯೆತ್ತಿದರೆ ವರಸೆ ವರಸೆಯಾಗಿ ಇಟ್ಟಿಗೆ ಒಳಚಾಚುತ್ತ, ಕಿರಿದಾಗುತ್ತ, ಕತ್ತಲಲ್ಲಿ ಮುಗಿಯುತ್ತದೆ. ಕಮಾನು ಇಲ್ಲ, ತೊಲೆಯೂ ಇಲ್ಲ. ಪಾಣಿಪೀಠದ ಪ್ರನಾಳ ಮಾತ್ರ ನಾನು ಹುಟ್ಟಿನಿಂದ ಕಂಡದ್ದೇ. ಅಭಿಷೇಕದ ನೀರು ಹರಿದು ಸವೆದ ಜಾಗವನ್ನು ಅಪ್ಪ ತೋರಿಸಿದರು.

ಬಯಲಿನಲ್ಲಿ ನಿಲ್ಲಿಸಿದ್ದ ಒಂದು ಶಾಸನದ ಮುಂದೆ ನಾನು ಮುಕ್ಕಾಲು ಗಂಟೆ ಕೂತೆ. ಓದಲು ಬರಲಿಲ್ಲ. ಆದರೆ ಕೆಲವು ಅಕ್ಷರಗಳು ಮದುವೆಮನೆಯಲ್ಲಿ ಕಾಣುವ ದೂರದ ನೆಂಟರ ಮುಖದಂತೆ, ಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿದ್ದವು. ಇವರೂ ಕಾಲ ಬರೆದದ್ದು ಶಕವರ್ಷದಲ್ಲೇ.

ಆಮೇಲೆ ಎ ಗುಂಪು. ಇದನ್ನು ಬರೆಯುವುದು ಕಷ್ಟ.

ಎ1 ಗುಡಿ ಚಾಮ್ ಕಟ್ಟಡಗಳಲ್ಲೇ ಶ್ರೇಷ್ಠ ಎನಿಸಿಕೊಂಡಿತ್ತು. ಹತ್ತನೆಯ ಶತಮಾನದ್ದು, 20 ಮೀಟರಿಗೂ ಮಿಕ್ಕಿದ ಎತ್ತರ, ಪೂರ್ವಕ್ಕೂ ಪಶ್ಚಿಮಕ್ಕೂ ಬಾಗಿಲು. ಯುದ್ಧದಲ್ಲಿ ಈ ಕಣಿವೆಯಲ್ಲಿ ಗೆರಿಲ್ಲಾ ಹೋರಾಟಗಾರರು ನೆಲೆಸಿದ್ದರು. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬು ದಾಳಿಯಲ್ಲಿ ಅದು ಕುಸಿಯಿತು. ಪ್ಯಾರಿಸ್ಸಿನ ಗೀಮೆ ಮ್ಯೂಸಿಯಮ್ಮಿನಲ್ಲಿದ್ದ ವಿದ್ವಾಂಸ ಫಿಲಿಪ್ ಸ್ಟೆರ್ನ್ ಅಧ್ಯಕ್ಷ ನಿಕ್ಸನ್‌ಗೆ ಪತ್ರ ಬರೆದು ಪ್ರತಿಭಟಿಸಿದರು. ಚಾಮ್ ಸ್ಮಾರಕಗಳಿಗೆ ಧಕ್ಕೆಯಾಗದಂತೆ ನೋಡಿಕೊಳ್ಳಿ ಎಂದು ಸೇನೆಗೆ ಸೂಚನೆ ಹೋಯಿತು, ಅಷ್ಟರಲ್ಲಿ ಎ1 ಇರಲಿಲ್ಲ. ಯುದ್ಧ ಮುಗಿದ ಮೇಲೆ ನೆಲದ ಬಾಂಬು ತೆಗೆಯಲು ಹೋದವರಲ್ಲೂ ಕೆಲವರು ಜೀವ ಕಳೆದುಕೊಂಡರು.

ದಾರಿ ಪಕ್ಕದ ಬಾಂಬು ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ಗೊತ್ತಿಲ್ಲದವರು ಕೆರೆಗೆ ತೋಡಿದ ಹೊಂಡ ಅಂದುಕೊಳ್ಳಬಹುದು. ಎ1 ಇದ್ದಲ್ಲಿ ಉಳಿದದ್ದು ಬುಡದ ಗೋಡೆ, ನಡುವೆ ಪೀಠ. ಅಪ್ಪ ಅಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಮ್ಮ ಗೂಡಲ್ಲಿ ಒಂದು ಸಲ ಮಳೆ ಬಂದು ಲಕ್ಷ ಹಸಿ ಇಟ್ಟಿಗೆ ಕರಗಿಹೋದಾಗ ಮೂರು ದಿನ ಊಟ ಮಾಡಿರಲಿಲ್ಲ ನಾನು," ಎಂದರು. ಮತ್ತೇನೂ ಹೇಳಲಿಲ್ಲ. ನಾನು ನೀರಿನ ಬಾಟಲಿ ಕೊಟ್ಟೆ.

ಎ, ಎಚ್, ಕೆ ಗುಂಪುಗಳ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2017ರಿಂದ ಕೆಲವು ವರ್ಷ ಕೆಲಸ ಮಾಡಿತು. 2020ರ ಮೇ ತಿಂಗಳಲ್ಲಿ, ಎ10 ಗುಡಿಯ ಮಣ್ಣು ತೆಗೆಯುವಾಗ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗ ಪೀಠದ ಸಮೇತ ಸಿಕ್ಕಿತು. ಅದರ ಎದುರು ನಿಂತಾಗ ಯಾವ ಮಂತ್ರವೂ ನೆನಪಾಗಲಿಲ್ಲ. ಅಷ್ಟು ನುಣುಪು, ಅಷ್ಟು ನೇರ, ಇಷ್ಟು ಕಾಲ ಮಣ್ಣಿನೊಳಗೆ ತಾಳಿಕೊಂಡದ್ದು. ಇಟಲಿಯವರು ದುರಸ್ತಿ ಮಾಡಿಕೊಟ್ಟ ಜಿ ಗುಂಪು ಹತ್ತಿರದಲ್ಲೇ ಇದೆ, ಹನ್ನೆರಡನೆಯ ಶತಮಾನದ್ದು. ಹಳೆಯದೂ ಹೊಸದೂ ಬೇರೆ ಬೇರೆ ತಿಳಿಯುವಂತೆ ಕಟ್ಟಿದ್ದಾರೆ, ಅದು ಸರಿಯಾದ ದಾರಿ ಎನಿಸಿತು.

ಹಿಂದೆ ಬರುವಾಗ ಅಪ್ಪ ಒಂದು ಗೋಡೆಯ ಮುಂದೆ ಮತ್ತೆ ನಿಂತರು. ಸಾವಿರ ವರ್ಷದ ಇಟ್ಟಿಗೆ ಕೆಂಪಗೆ ಒಣಗಿದೆ, ಪಕ್ಕದಲ್ಲಿ ಈಚಿನ ದುರಸ್ತಿಯ ಇಟ್ಟಿಗೆ ಬಿಳಿ ಉಪ್ಪು ಕಕ್ಕಿ ಪಾಚಿ ಹಿಡಿದಿದೆ. "ಮಣ್ಣು ಕೊಳೆಹಾಕೋದಿದೆಯಲ್ಲ, ಅದಕ್ಕೆ ಕಾಲ ಕೊಡಬೇಕು," ಎಂದರು. "ಈಗ ಯಾರ ಹತ್ತಿರ ಇದೆ ಕಾಲ? ನನ್ನ ಹತ್ತಿರವೂ ಇರಲಿಲ್ಲ."

ನಾಲ್ಕನೆಯ ದಿನ: ರೈಲು

ಹಗಲು ವಿಶ್ರಾಂತಿ, ಅಪ್ಪನ ಮೊಣಕಾಲಿಗೆ ಎಣ್ಣೆ. ಮಾಂಸ ಬೇಡ ಎನ್ನಲು ಇಲ್ಲಿ 'ಚಾಯ್' ಎಂದರೆ ಸಾಕು. ಬೌದ್ಧರ ಚಾಯ್ ಹೋಟೆಲುಗಳು ಊರೂರಿಗೂ ಇವೆ, ಅನ್ನ, ತೋಫು, ಸೊಪ್ಪಿನ ಸಾರು ಸಿಗುತ್ತದೆ. ಸಂಜೆ ದಕ್ಷಿಣದ ರೈಲು ಹತ್ತಿದೆವು. ನಮ್ಮ ನಿಲ್ದಾಣದ ಹೆಸರೇ ತಾಪ್ ಚಾಮ್, ಅಂದರೆ ಚಾಮ್ ಗೋಪುರ.

ಮೀ ಸನ್‌ಗೆ ನಿಲ್ಲಿಸದೆ ಇಷ್ಟು ದೂರ ಹೋಗುವುದೇಕೆ ಎಂದು ಅಪ್ಪ ಕೇಳಿದರು. ಮೀ ಸನ್‌ನಲ್ಲಿ ಪೂಜೆ ನಿಂತು ಶತಮಾನಗಳಾದವು. 1471ರಲ್ಲಿ ವಿಯೆಟ್ನಾಮಿನ ದೊರೆ ಲೇ ತಾನ್ ತೋಂಗ್ ಚಾಮರ ವಿಜಯ ನಗರಿಯನ್ನು ಗೆದ್ದ. ನಮ್ಮ ವಿಜಯನಗರ ಹಂಪಿಯಲ್ಲಿ ಇನ್ನೂ ಬಾಳುತ್ತಿದ್ದಾಗ ಆ ವಿಜಯ ಬಿತ್ತು. ದಕ್ಷಿಣದಲ್ಲಿ ಉಳಿದಿದ್ದ ಪಾಂಡುರಂಗ ರಾಜ್ಯವೂ 1832ರಲ್ಲಿ ಕೊನೆಯಾಯಿತು. ಆದರೆ ಚಾಮರು ಇದ್ದಾರೆ. 2019ರ ಜನಗಣತಿಯಲ್ಲಿ ವಿಯೆಟ್ನಾಮಿನಲ್ಲಿ ಅವರ ಸಂಖ್ಯೆ ಸುಮಾರು 1,79,000. ಪಾಂಡುರಂಗ ಇದ್ದ ಫಾನ್ ರಾಂಗ್ ಸುತ್ತ ಅವರ ಹಳ್ಳಿಗಳಿವೆ, ಗುಡಿಯಲ್ಲಿ ದೇವರಿದ್ದಾನೆ.

"ಪಾಂಡುರಂಗನಾ?" ಎಂದು ಅಪ್ಪ ಎದ್ದು ಕೂತರು. ಅವರು ವರ್ಷಕ್ಕೊಮ್ಮೆ ಪಂಢರಾಪುರಕ್ಕೆ ಹೋಗುವವರು. ಇದು ಊರಿನ ಹೆಸರು ಎಂದು ಹೇಳಿದರೂ ಮಲಗುವ ಮುಂಚೆ ಕೆನ್ನೆ ತಟ್ಟಿಕೊಂಡರು.

ಐದನೆಯ ದಿನ: ಫಾನ್ ರಾಂಗ್

ಬೆಳಗ್ಗೆ ಕಿಟಕಿಯಾಚೆ ನೋಡಿದರೆ ಬೇರೆಯೇ ದೇಶ. ಬಂಡೆಗುಡ್ಡಗಳು, ಕಳ್ಳಿ, ಕುರಿ ಹಿಂಡು, ದ್ರಾಕ್ಷಿ ಚಪ್ಪರ. ವಿಯೆಟ್ನಾಮಿನಲ್ಲಿ ಎಲ್ಲಕ್ಕಿಂತ ಕಡಿಮೆ ಮಳೆ ಬೀಳುವ ಸೀಮೆ ಇದು. "ಕೋಲಾರಕ್ಕೇ ವಾಪಸ್ ಬಂದ್ವಾ ಏನು?" ಎಂದರು ಅಪ್ಪ. ಅವರ ಮುಖದಲ್ಲಿ ಐದು ದಿನದಲ್ಲಿ ಮೊದಲ ಸಲ ಊರಿನ ಕಳೆ ಕಂಡಿತು.

ಪೊ ಕ್ಲೋಂಗ್ ಗರಾಯ್ ಗುಡಿ ನಿಲ್ದಾಣದ ಹತ್ತಿರವೇ, ವೀಳ್ಯದೆಲೆಯ ಹೆಸರಿನ ಗುಡ್ಡದ ಮೇಲೆ. ಹದಿಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ಮೂರನೆಯ ಜಯ ಸಿಂಹವರ್ಮ ಕಟ್ಟಿಸಿದ್ದು. ಬಾಗಿಲ ಮೇಲೆ ಕುಣಿಯುವ ಶಿವ, ಬಾಗಿಲುವಾಡದ ಕಂಬಗಳ ತುಂಬ ಚಾಮ್ ಅಕ್ಷರ. ಒಳಗೆ ಹೊಕ್ಕರೆ ಮೊದಲು ನಂದಿ. ನಂದಿಯ ಮುಂದೆ ಯಾರೋ ಹಸಿ ಹುಲ್ಲು ಇಟ್ಟಿದ್ದರು! ಅದರ ಹಿಂದೆ ಕತ್ತಲಲ್ಲಿ ಮುಖಲಿಂಗ. ಮುಖ ಶಿವನದು, ಮುಖ ಪೊ ಕ್ಲೋಂಗ್ ಗರಾಯ್ ಎಂಬ ದೊರೆಯದೂ ಹೌದು. ಅಣೆಕಟ್ಟು, ಕಾಲುವೆ ಕಟ್ಟಿಸಿ ಈ ಒಣನೆಲಕ್ಕೆ ನೀರು ಹರಿಸಿದವನೆಂದು ಚಾಮರು ಅವನನ್ನು ದೇವರು ಮಾಡಿಕೊಂಡಿದ್ದಾರೆ. ಕೆರೆ ಕಟ್ಟಿಸಿದವರಿಗೆ ಗುಡಿ ಕಟ್ಟುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮಗೆ ದಾರಿ ತೋರಿಸಿದವರು ಒಬ್ಬ ಚಾಮ್ ಮೇಷ್ಟ್ರು, ಇಂಗ್ಲಿಷ್ ಬಲ್ಲವರು. ಇಲ್ಲಿನ ಚಾಮರಲ್ಲಿ ಎರಡು ಪಂಗಡ ಎಂದರು: ಬಲಮೊನ್ ಎಂದರೆ ಶಿವನ ಕಡೆಯವರು, ದನದ ಮಾಂಸ ತಿನ್ನುವುದಿಲ್ಲ, ಬಾನಿ ಎಂದರೆ ಇಸ್ಲಾಮನ್ನು ತಮ್ಮದೇ ರೀತಿಯಲ್ಲಿ ಒಗ್ಗಿಸಿಕೊಂಡವರು, ಹಂದಿ ತಿನ್ನುವುದಿಲ್ಲ. ಚಾಮ್ ಪಂಚಾಂಗದ ಏಳನೆಯ ತಿಂಗಳು ಕಾತೆ ಹಬ್ಬ. ಆಗ ದೇವರ ವಸ್ತ್ರ ಬೆಟ್ಟದಿಂದ ಬರುತ್ತದೆ. ಅದನ್ನು ವರ್ಷವಿಡೀ ಕಾಪಾಡುವವರು ರಾಗ್ಲಾಯ್ ಎಂಬ ಬೆಟ್ಟದ ಜನ.

ಲಿಪಿಗೆ ನೀವು ಏನೆನ್ನುತ್ತೀರಿ ಎಂದು ಕೇಳಿದೆ. "ಅಖರ್," ಎಂದರು. ನಾನು ನಮ್ಮ 'ಅಕ್ಕರ' ಹೇಳಿದೆ. ಅವರು ನನ್ನ ಪುಸ್ತಕದಲ್ಲಿ ತಮ್ಮ ಲಿಪಿಯಲ್ಲಿ ಬರೆದರು, ನಾನು ಕೆಳಗೆ ಕನ್ನಡದಲ್ಲಿ ಬರೆದೆ. ಮೊದಲ ದಿನದ "ಎಲ್ಲ ನಮ್ಮದೇ" ಎಂಬ ಮಾತು ಅವರಿಗೆ ಹೇಳಿ, ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಬೇಕೆಂದಿದ್ದೆ. ಅವರು ಮುಖಲಿಂಗದ ಮುಂದೆ ಕೂತು ವೀಳ್ಯದೆಲೆ ಇಟ್ಟು ಅಡ್ಡಬಿದ್ದದ್ದನ್ನು ನೋಡಿದ ಮೇಲೆ ಕೇಳಲು ನಾಲಿಗೆ ಏಳಲಿಲ್ಲ.

ಮಧ್ಯಾಹ್ನ ಅವರೇ ಬಾವ್ ಟ್ರುಕ್ ಹಳ್ಳಿಗೆ ಕರೆದೊಯ್ದರು. ಮಡಕೆ ಮಾಡುವ ಚಾಮರ ಊರು. 2022ರಲ್ಲಿ ಯುನೆಸ್ಕೊ ಈ ಕಸುಬನ್ನು ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಇಲ್ಲಿ ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ಒಂದು ಪೀಠದ ಮೇಲಿಟ್ಟು, ಮಾಡುವವಳೇ ಬಗ್ಗಿ ಅದರ ಸುತ್ತ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾಳೆ. ತಿಗರಿಯ ಕೆಲಸವನ್ನು ಕಾಲು ಮಾಡುತ್ತದೆ. ಕಸುಬು ತಾಯಿಯಿಂದ ಮಗಳಿಗೆ, ಮನೆಯೂ ಮಗಳಿಗೇ.

ಅಪ್ಪನಿಗಿಂತ ಹಿರಿಯಳಿರಬೇಕು ಆ ಅಜ್ಜಿ. ಅಪ್ಪ ನನಗೂ ಹೇಳದೆ, ಮೇಷ್ಟ್ರಿಗೂ ಹೇಳದೆ, ಕನ್ನಡದಲ್ಲೇ ಕೇಳಿದರು: "ಮಣ್ಣು ಯಾವ ಕೆರೇದಮ್ಮ?" ಅಜ್ಜಿಗೆ ತಿಳಿಯಿತೋ ಏನೋ, ಹೊಳೆಯ ಕಡೆ ಕೈ ತೋರಿಸಿ, ಬುಟ್ಟಿಯಿಂದ ಒಂದು ಉಂಡೆ ಮುರಿದು ಕೊಟ್ಟಳು. ಅಪ್ಪ ಅದನ್ನು ಮೂಸಿದರು. ಅಂಗೈಗಳ ನಡುವೆ ಹೊಸೆದು ಬತ್ತಿ ಮಾಡಿ, ತೋರುಬೆರಳಿಗೆ ಉಂಗುರದಂತೆ ಸುತ್ತಿ, ಬಿರುಕು ಬಂತೇ ಎಂದು ಬೆಳಕಿಗೆ ಹಿಡಿದರು. ಗೂಡಿಗೆ ಹೊಸ ಮಣ್ಣಿನ ಲೋಡು ಬಂದಾಗೆಲ್ಲ ಅವರು ಹೀಗೇ ಮಾಡುತ್ತಿದ್ದುದು ನನಗೆ ನೆನಪಿತ್ತು. ಅಜ್ಜಿ ಬಾಯ್ತುಂಬ ನಕ್ಕು, ತಾನೂ ಒಂದು ಉಂಡೆ ತೆಗೆದು, ಅದೇ ರೀತಿ ಹೊಸೆದು, ಬೆರಳಿಗೆ ಸುತ್ತಿ ಅವರ ಮುಂದೆ ಚಾಚಿದಳು.

ಸಂಜೆ ಬಯಲಿನಲ್ಲಿ ಸೌದೆ, ಹುಲ್ಲು ಹೊದಿಸಿ ಮಡಕೆಗಳಿಗೆ ಬೆಂಕಿ ಕೊಟ್ಟರು. ಗಾಳಿ ಬರುವ ಕಡೆ ನಿಂತ ಅಪ್ಪ, ಒಂದು ಮೂಲೆಯಲ್ಲಿ ಹುಲ್ಲು ಕಡಿಮೆಯಾಗಿದೆ ಎಂದು ಕೈಸನ್ನೆ ಮಾಡಿದರು. ಅಜ್ಜಿಯ ಮಗಳು ಅಲ್ಲಿಗೆ ಇನ್ನೊಂದು ಹೊರೆ ಹಾಕಿದಳು.